ಒಗೆಯುವ ಕಲ್ಲಿನ ಕೆಳಗೆ

ಮೇಸ್ತ್ರಿಯ ಕೈಗಳಿಗೆ ಯಾವಾಗಲೂ ಗಂಧದ ಸೋಪಿನ ವಾಸನೆ. ಪಾಯಿಖಾನೆಯ ಪಿಟ್ ಕಟ್ಟುವವರ ಕೈ ಅಂದರೆ ಯಾರೂ ನಂಬುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ನಮ್ಮ ಹಿತ್ತಲ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಣಕೈಯವರೆಗೆ ಮೂರು ಸಲ ಸೋಪು ಹಚ್ಚಿ, ಉಗುರಿನ ಸಂದಿಯನ್ನೆಲ್ಲ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಯಾವ ಕಾಲದಲ್ಲೋ ಪಿಟ್ಟಿಗೆ ಇಳಿಸುವ ಸಿಮೆಂಟ್ ರಿಂಗಿಗೆ ಸಿಕ್ಕಿ ಎರಡು ಸೀಳಾಗಿತ್ತು. ಆಮೇಲೆ ಮೊಪೆಡ್ಡಿನ ಚೀಲದಿಂದ ತಮ್ಮದೇ ಸ್ಟೀಲ್ ಲೋಟ ತೆಗೆದು ಕಾಫಿಗೆ ಒಡ್ಡುತ್ತಿದ್ದರು. ಇವನಿಗೆ ಯಾವ ಲೋಟದಲ್ಲಿ ಕೊಡೋದು ಅಂತ ಯಾವ ಮನೆಯವರೂ ಯೋಚನೆ ಮಾಡುವ ಕಷ್ಟ ಇರಬಾರದು ನೋಡಿ, ಅದಕ್ಕೆ.

ಗೌರಿಬಿದನೂರಿನ ನಮ್ಮ ಬಡಾವಣೆಗೆ ಒಳಚರಂಡಿ ಇಲ್ಲ. ಪ್ರತಿ ಮನೆಗೂ ಒಂದು ಪಿಟ್ಟು, ಪ್ರತಿ ಪಿಟ್ಟಿಗೂ ಒಂದು ರಗಳೆ. ನಾನು ಶಾಲೆ ಟೀಚರು, ನಮ್ಮವರು ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಇಬ್ಬರಿಗೂ ಮೊಳೆ ಹೊಡೆಯುವುದಕ್ಕೂ ಬರುವುದಿಲ್ಲ. ಹಾಗಾಗಿ ಪೈಪು ಕಟ್ಟಲಿ, ಮುಚ್ಚಳ ಬಿರಿಯಲಿ, ಹೀರುವ ಟ್ಯಾಂಕರ್ ಕರೆಸಬೇಕಾಗಲಿ, ತೊಂಡೇಬಾವಿ ಕಡೆಯ ಹಳ್ಳಿಯಿಂದ ಮೇಸ್ತ್ರಿಯೇ ಬರಬೇಕು. ಬಂದವರು ಮೊದಲು ಮುಚ್ಚಳ ಸರಿಸಿ, ದೂರ ಹೋಗಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಬಾರದು. "ಅದೂ ಉಸಿರು ಬಿಡ್ಬೇಕಲ್ಲ ಟೀಚರಮ್ಮ. ಅದು ಉಸಿರು ಬಿಟ್ಮೇಲೆ ನಾವು ಉಸಿರಾಡಣ" ಅನ್ನುತ್ತಿದ್ದರು.

ಆ ಮಾತಿನ ಬೆಲೆ ನನಗೆ ಗೊತ್ತಾಗಿದ್ದು ಒಂದು ಭಾನುವಾರ. ಟ್ಯಾಂಕರ್ ಅರ್ಧ ಹೀರಿತ್ತು. ಬಗ್ಗಿ ನೋಡುತ್ತಿದ್ದ ನಮ್ಮವರ ಜೇಬಿನಿಂದ ಫೋನು ಜಾರಿ ಒಳಗೆ ಬಿತ್ತು. ಮನುಷ್ಯನಿಗೆ ಅದೇನು ಬುದ್ಧಿಯೋ, ಪ್ಯಾಂಟು ಮಡಚಿ ರಿಂಗಿನ ಮೇಲೆ ಕಾಲಿಟ್ಟೇಬಿಟ್ಟರು. ಮೇಸ್ತ್ರಿ ಓಡಿಬಂದು ಕತ್ತಿನಪಟ್ಟಿ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮಣ್ಣಿಗೆ ಬಿದ್ದರು, ನಮ್ಮವರ ಅಂಗಿ ಹರಿಯಿತು.

"ಒಳಗೆ ಹೋದೋರು ಹೋಗ್ತಾರೆ ಅಷ್ಟೇ ಸಾರ್, ಬರಲ್ಲ! ನಮ್ಮಣ್ಣ ಹಂಗೇ ಹೋದ" ಎಂದರು ಮೇಸ್ತ್ರಿ.

ಅವತ್ತು ನಾನು ನಮ್ಮ ಮನೆಯ ಲೋಟದಲ್ಲಿ ಕಾಫಿ ತಂದುಕೊಟ್ಟೆ. ಅವರು ತಮ್ಮ ಚೀಲಕ್ಕೆ ಕೈ ಹಾಕಿದವರು, ಲೋಟವನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ಇಸಕೊಂಡು ಕುಡಿದರು. ಆಮೇಲೆ ಅವರ ಲೋಟ ನಮ್ಮ ಮನೆಯಲ್ಲಿ ಚೀಲದಿಂದ ಹೊರಬರಲಿಲ್ಲ. ನನಗೂ ಏನೋ ದೊಡ್ಡಸ್ತಿಕೆ ಮಾಡಿದ ಹೆಮ್ಮೆ. ಗಂಡನ ಪ್ರಾಣ ಉಳಿಸಿದವರಿಗೆ ಒಂದು ಲೋಟ ಕೊಟ್ಟೆ, ಅಷ್ಟಕ್ಕೆ!

ಇಷ್ಟಾದರೂ ಪಿಟ್ ಮಾತ್ರ ನಾಲ್ಕು ತಿಂಗಳಿಗೊಮ್ಮೆ ತುಂಬಿ ಮುಚ್ಚಳದ ಸುತ್ತ ಒಸರುವುದು ನಿಲ್ಲಲಿಲ್ಲ. "ಕೆಳಗೆಲ್ಲ ಬಂಡೆ, ನೆಲ ನೀರೇ ಕುಡಿಯಲ್ಲ" ಎನ್ನುತ್ತಿದ್ದರು ಮೇಸ್ತ್ರಿ. ಪ್ರತಿ ಸಲ ಬಂದಾಗಲೂ ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದರು. ಕೊನೆಗೆ, "ಮೂರು ದಿನ ಮನೆ ಬಿಟ್ಟುಕೊಡಿ ಟೀಚರಮ್ಮ, ಇದಕ್ಕೊಂದು ದಾರಿ ಮಾಡ್ತೀನಿ" ಎಂದರು. ಚಿಂತಾಮಣಿಯಲ್ಲಿ ತಂಗಿಯ ಮಗಳ ಸೀಮಂತವಿತ್ತು. ಕೀಲಿಕೈ ಅವರ ಕೈಗಿಟ್ಟು ಹೊರಟೆವು.

ಬಂದು ನೋಡಿದರೆ ಹಿತ್ತಲು ಕನ್ನಡಿಯ ಹಾಗಿತ್ತು. ಪಿಟ್ಟಿನ ಪಕ್ಕ ಇನ್ನೊಂದು ಇಂಗುಗುಂಡಿ ತೋಡಿ, ಜಲ್ಲಿ ತುಂಬಿ, ಮೇಲೆ ಸಿಮೆಂಟ್ ಹಾಕಿದ್ದೇನೆ ಎಂದರು. ಮೂಲೆಯಲ್ಲಿ ನಮ್ಮ ಹಳೆಯ ಬೋರ್‌ವೆಲ್ ಇತ್ತು. ಅದು ಬತ್ತಿ ವರ್ಷಗಳಾಗಿದ್ದವು, ಬಾಯಿಗೊಂದು ಚಪ್ಪಡಿ ಮುಚ್ಚಿ ಬಿಟ್ಟಿದ್ದೆವು. ಅದರ ಮೇಲೆ ಗಾರೆ ಹಾಕಿ ಒಳ್ಳೆ ಒಗೆಯುವ ಕಲ್ಲು ಕೂರಿಸಿದ್ದರು. "ಮಕ್ಕಳುಮರಿ ಬೀಳೋದು ಬೇಡ, ನಿಮಗೂ ಬಟ್ಟೆ ಒಗೆಯೋಕೆ ಆಯ್ತು" ಎಂದರು. ನನ್ನ ಕಣ್ಣು ತುಂಬಿಬಂತು.

ಏಳು ವರ್ಷ ಆ ಕಲ್ಲಿನ ಮೇಲೆ ಬಟ್ಟೆ ಒಗೆದೆ. ಪಿಟ್ ಒಂದು ಸಲವೂ ತುಂಬಲಿಲ್ಲ. ಸ್ಟಾಫ್ ರೂಮಿನಲ್ಲಿ ಬೇರೆಯವರು ಮಕ್ಕಳ ಮಾರ್ಕ್ಸ್ ಹೇಳಿಕೊಂಡರೆ ನಾನು ಪಿಟ್ಟಿನ ಬಗ್ಗೆ ಹೇಳಿಕೊಳ್ಳುತ್ತಿದ್ದೆ. ಯಾರ ಮನೆಯಲ್ಲಿ ತೊಂದರೆ ಎಂದರೂ, "ನಮ್ಮ ಮೇಸ್ತ್ರಿನ ಕರೆಸಿ, ನನ್ನ ಹೆಸರು ಹೇಳಿ" ಎಂದು ನಂಬರ್ ಬರೆದುಕೊಡುತ್ತಿದ್ದೆ.

ಪಕ್ಕದ ಮನೆಯ ಅಕ್ಕನ ವಿಷಯ ಈಗ ಹೇಳಬೇಕು. ಒಡಹುಟ್ಟಿದವಳಲ್ಲ, ಅದಕ್ಕಿಂತ ಹೆಚ್ಚು. ನಮ್ಮ ಬೋರ್ ಬತ್ತಿದಾಗ, ನಾವು ಕೇಳುವ ಮೊದಲೇ ಕಾಂಪೌಂಡಿನ ಮೇಲೆ ಪೈಪು ಎಸೆದು ತನ್ನ ಬೋರಿನ ನೀರು ಬಿಟ್ಟವಳು. ನಗರಸಭೆಯ ನಲ್ಲಿ ಬರುವವರೆಗೂ ನಾವು ಅವಳ ನೀರನ್ನೇ ಕುಡಿದು ಬದುಕಿದೆವು. ಒಗೆಯುವ ಕಲ್ಲು ಕೂರಿಸಿ ಕೆಲವು ವರ್ಷವಾದ ಮೇಲೆ, ಸತತ ಎರಡು ವರ್ಷ ಒಳ್ಳೆ ಮಳೆಯಾಯಿತು, ಕೆರೆಗಳು ತುಂಬಿದವು, ಬೋರುಗಳಲ್ಲಿ ನೀರು ಮೇಲೆ ಬಂತು. ಊರೆಲ್ಲ ಖುಷಿಪಟ್ಟಿತು. ಅಕ್ಕನ ನೀರು ಮಾತ್ರ ನಾರತೊಡಗಿತು. ಅವಳ ನಾಲ್ಕು ವರ್ಷದ ಮೊಮ್ಮಗಳಿಗೆ ಕಾಮಾಲೆಯಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿಸಿದರು.

ಆಸ್ಪತ್ರೆಯಿಂದ ಬಂದ ದಿನ ಅಕ್ಕ ನನ್ನ ಬಾಗಿಲಿಗೆ ಬಂದಳು. "ಬೇಜಾರು ಮಾಡ್ಕೋಬೇಡ ಕಣೇ. ನಿಮ್ಮ ಪಿಟ್ ನೀರು ಏನಾದ್ರೂ ನಮ್ಮ ಬೋರಿಗೆ ಇಳೀತಿದ್ಯಾ ಅಂತ ಒಂದು ಸಲ ನೋಡಿಸ್ತೀಯಾ?"

ನನಗೆ ಸಿಟ್ಟು ನೆತ್ತಿಗೇರಿತು. ಆಗಿಂದಾಗಲೇ ಮೇಸ್ತ್ರಿಗೆ ಫೋನು ಮಾಡಿ ಕರೆಸಿದೆ. ಅಕ್ಕನ ಎದುರಿಗೇ ಕೇಳಿದೆ. ಅವರು ಒಗೆಯುವ ಕಲ್ಲಿನ ಪಕ್ಕ ನಿಂತು, ಸೀಳಿದ ಉಗುರನ್ನು ಸವರಿಕೊಳ್ಳುತ್ತಾ ಹೇಳಿದರು: "ದೇವುಡಿ ಸಾಕ್ಷಿ ಅಮ್ಮಾ, ದೇವರಾಣೆಗೂ ನಾನು ಕಟ್ಟಿದ ಪಿಟ್ಟಿಂದ ಒಂದು ತೊಟ್ಟು ಆಚೆ ಹೋಗಲ್ಲ."

"ಕೇಳಿಸ್ಕೊಂಡ್ಯಾ? ಇವರು ನಮ್ಮನೆಯವರ ಪ್ರಾಣ ಉಳಿಸಿದೋರು. ಸುಳ್ಳು ಹೇಳೋರಲ್ಲ. ನಿನ್ನ ಟ್ಯಾಂಕು ತೊಳೆದು ಎಷ್ಟು ವರ್ಷ ಆಯ್ತು, ಅದನ್ನ ನೋಡ್ಕೋ ಮೊದ್ಲು" ಎಂದೆ.

ಅಕ್ಕ ತಿರುಗಿ ತನ್ನ ಮನೆಗೆ ಹೋದಳು. ಮಾರನೆಯ ದಿನ ಕಾಂಪೌಂಡಿನ ಮೇಲಿದ್ದ ಹಳೆಯ ಪೈಪನ್ನು ಸುತ್ತಿ ಒಳಗಿಟ್ಟುಕೊಂಡಳು. ಮಗು ಹುಷಾರಾಯಿತು, ಅವರು ಬೋರು ಮುಚ್ಚಿಸಿದರು. ನಮ್ಮಿಬ್ಬರ ನಡುವೆ ಮಾತು ಸತ್ತುಹೋಯಿತು.

ಹೋದ ವರ್ಷ ಒಗೆಯುವ ಕಲ್ಲು ಒಂದು ಕಡೆ ಕುಸಿಯಿತು. ಮೇಸ್ತ್ರಿಗೆ ಲಕ್ವ ಹೊಡೆದು ಮಲಗಿದ್ದಾರೆ ಎಂದು ಗೊತ್ತಾಗಿ ಶಿಡ್ಲಘಟ್ಟದಿಂದ ಬೇರೊಬ್ಬರನ್ನು ಕರೆಸಿದೆ. ಅವರು ಕಲ್ಲು ಎಬ್ಬಿಸಿದರು. ಕೆಳಗೆ ನಮ್ಮ ಸತ್ತ ಬೋರಿನ ಬಾಯಿ. ಪಿಟ್ಟಿನ ಕಡೆಯಿಂದ ಬಂದ ಪೈಪೊಂದು ನೆಟ್ಟಗೆ ಅದರೊಳಗೆ ಇಳಿದಿತ್ತು. ಇಂಗುಗುಂಡಿ ಎಂಬುದು ಎಲ್ಲೂ ಇರಲಿಲ್ಲ.

"ಓ, ಫೇಲ್ ಬೋರಿಗೆ ಬಿಟ್ಟವ್ರಾ? ಈ ಕಡೆ ಸುಮಾರು ಜನ ಹಿಂಗೇ ಮಾಡ್ತಾರೆ ಮೇಡಂ. ಪಿಟ್ ತುಂಬೋದೇ ಇಲ್ಲ" ಎಂದರು ಆತ, ಏನೂ ಆಗದವರ ಹಾಗೆ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಳು ವರ್ಷ ನಮ್ಮ ಹೊಲಸನ್ನು ನೂರಾರು ಅಡಿ ಕೆಳಗೆ, ನಮಗೆ ನೀರು ಕೊಟ್ಟವಳ ಬಾಯಿಗೆ ಕಳಿಸಿದ್ದೆವು. ಅದರ ಮೇಲೆ ನಿಂತು ನಾನು ಬಟ್ಟೆ ಬೆಳ್ಳಗೆ ಮಾಡುತ್ತಿದ್ದೆ. ಪೈಪು ತೆಗೆಸಿ, ಹೊಸ ಗುಂಡಿಗೆ ಹೇಳಿ, ಮಾರನೆಯ ದಿನವೇ ಮೇಸ್ತ್ರಿಯ ಹಳ್ಳಿಗೆ ಹೋದೆ.

ಜಗಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ಎಡಗೈ ಬಿದ್ದುಹೋಗಿತ್ತು. ನನ್ನ ಮುಖ ನೋಡಿದವರೇ ತಿಳಿದುಕೊಂಡರು.

"ಕಲ್ಲು ತೆಗೆಸಿದ್ರಾ?"

"ಯಾಕ್ ಮೇಸ್ತ್ರಿ? ನಮ್ಮಕ್ಕನ ಎದುರಿಗೆ ನಿಂತು ದೇವರ ಮೇಲೆ ಆಣೆ ಇಟ್ರಲ್ಲ, ಯಾಕೆ?"

ತೊದಲುತ್ತಾ ಹೇಳಿದರು: "ನಿಮ್ಮ ಲೋಟದಲ್ಲಿ ಕಾಫಿ ಕೊಟ್ರಲ್ಲಮ್ಮ. ಪಿಟ್ ಮತ್ತೆ ತುಂಬ್ತು ಅಂತ ನೀವು ಹೇಳೋವಾಗೆಲ್ಲ ನಂಗೆ ತಲೆ ಎತ್ತೋಕೆ ಆಗ್ತಿರ್ಲಿಲ್ಲ. ಬತ್ತಿದ ಬೋರು, ಇನ್ನೆಲ್ಲಿ ನೀರು ಬರ್ತದೆ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ಬೇರೆ ಎಲ್ಲೆಲ್ಲಿ ಹಿಂಗೆ ಮಾಡಿದೀರಿ?"

ಒಂದೊಂದೇ ಮನೆ ಹೇಳುತ್ತಾ ನೆಟ್ಟಗಿದ್ದ ಬಲಗೈಯ ಬೆರಳು ಮಡಚಿದರು. ನಾಲ್ಕು. ನಾಲ್ಕೂ ನಾನು ನಂಬರ್ ಬರೆದುಕೊಟ್ಟು ಕಳಿಸಿದ ಮನೆಗಳು. ಅವರ ಸೊಸೆ ಕಾಫಿ ತಂದಿಟ್ಟಳು. ಕುಡಿಯಲಾಗಲಿಲ್ಲ. ಮುಟ್ಟದೆ ಎದ್ದು ಬಂದೆ. ಹಾಗೆ ಎದ್ದು ಬಂದದ್ದು ಅವರಿಗೆ ಹೇಗೆ ಕಂಡಿತೋ ಎಂಬ ಸಂಕಟ ಈಗಲೂ ಇದೆ.

ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಮೇಸ್ತ್ರಿ ಯಾರೋ ಕಣೇ, ಅವನು ಮೋಸ ಮಾಡ್ದ ಅಂತ ನಂಗೇನೂ ಇಲ್ಲ. ಒಂದು ಸಲ ನೋಡಿಸು ಅಂದ್ರೆ ನೀನು ಕಲ್ಲು ಎತ್ತಿ ನೋಡ್ಲಿಲ್ವಲ್ಲ" ಎಂದಳು. ನನ್ನ ಕಣ್ಣಿಗೆ ಮೇಸ್ತ್ರಿ ಮಣ್ಣೆರಚಿದರು ಎಂದು ಅಳುತ್ತಿದ್ದವಳಿಗೆ, ಅವಳ ಪಾಲಿಗೆ ಮೋಸಗಾರ್ತಿ ನಾನೇ ಎಂದು ಆಗ ಗೊತ್ತಾಯಿತು.

ನಾಲ್ಕರಲ್ಲಿ ಎರಡು ಮನೆಗೆ ಹೋಗಿ ಹೇಳಿದೆ. ಒಬ್ಬರು ತೆಗೆಸಿದರು. ಇನ್ನೊಬ್ಬರು, ತುಂಬದೆ ಇರೋ ಪಿಟ್ಟನ್ನ ಯಾಕೆ ಕೆದಕೋದು ಎಂದು ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂತು. ನಮ್ಮವರು ಚಪ್ಪಲಿ ಮೆಟ್ಟಿಕೊಂಡರು. "ನಾನು ಇವತ್ತು ಉಸಿರಾಡ್ತಿರೋದು ಆ ಕೈಯಿಂದ. ನೀನು ಬರ್ದಿದ್ರೆ ಬಿಡು, ನಾನು ಹೋಗ್ಬೇಕು" ಎಂದು ತೊಂಡೇಬಾವಿ ಬಸ್ಸಿಗೆ ಹೊರಟರು. ಅವರು ಹೇಳಿದ್ದು ಸುಳ್ಳಲ್ಲ. ಆದರೂ ನನಗೆ ಹೋಗಲು ಮನಸ್ಸಾಗಲಿಲ್ಲ. ನಾನು ಮೂರನೆಯ ಮನೆಗೆ ಹೋದೆ.

ಬಾಗಿಲು ತೆಗೆದಾಕೆ ನನ್ನ ಹಳೆಯ ಸಹೋದ್ಯೋಗಿ. ನಾನು ಮೇಸ್ತ್ರಿಯ ಹೆಸರೆತ್ತಿದ್ದೇ ತಡ, ಮುಖ ಅರಳಿತು.

"ಅಯ್ಯೋ, ಎಂಥಾ ಮೇಸ್ತ್ರಿನ ಕಳ್ಸಿದ್ರಿ ನೀವು! ಐದು ವರ್ಷ ಆಯ್ತು, ಪಿಟ್ ಒಂದು ಸಲ ತುಂಬಿಲ್ಲ. ದಿನಾ ನಿಮ್ಮನ್ನ ನೆನೆಸ್ಕೋತೀವಿ. ಬನ್ನಿ, ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ. ಪಕ್ಕದ್ಮನೆ ಬೋರಿನ ನೀರು, ತಣ್ಣಗಿದೆ" ಎನ್ನುತ್ತಾ, ತುಂಬಿಟ್ಟ ಕೊಡಕ್ಕೆ ಲೋಟ ಅದ್ದಿ ನನ್ನ ಕೈಗೆ ನೀರು ಕೊಟ್ಟರು.