ಮೂರು ಸಂಸ್ಥಾನ, ಎರಡು ಪಾಠ

ಸಮಾಜ ವಿಜ್ಞಾನಕ್ಕೆ ಟ್ಯೂಷನ್ ಹೇಳುವವರೇ ಇಲ್ಲ ಎಂಬುದನ್ನು ತಿಳಿಯಲು ಬೋನಾಳದ ಮೌನೇಶ್ವರಿ ಊರೂರು ತಿರುಗಬೇಕಾಯಿತು. ಯಾದಗಿರಿಯಲ್ಲಿ ಗಣಿತಕ್ಕೆ ಇದ್ದರು, ಇಂಗ್ಲಿಷಿಗೆ ಇದ್ದರು, ವಿಜ್ಞಾನಕ್ಕೆ ಓಣಿಗೊಬ್ಬರು ಇದ್ದರು. ಶಹಾಪುರದಲ್ಲಿ ದೇವಿಕಾ ಎಂಬ ಮೇಡಂ ಮಾಳಿಗೆಯ ಮೇಲೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಮೌನೇಶ್ವರಿಯ ಮಾತು ಕೇಳಿ ಅವಳು ಡಸ್ಟರ್ ಕೆಳಗಿಟ್ಟಳು.

"ಸಮಾಜಕ್ಕ ಯಾರರೆ ಟ್ಯೂಷನ್ ಹಚ್ಚತಾರೇನವ್ವಾ? ಅದನ್ನ ಬಾಯಿಪಾಠ ಮಾಡಿ ಒಗೀಬೇಕು. ಯಾವ ತರಗತಿ ಹುಡುಗ?"

"ಹುಡುಗ ಅಲ್ರಿ. ನಾನ. ಹತ್ತನೇತ್ತೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ದೇವಿಕಾ ಆ ಕಡೆ ಒಂದು ನೋಟ ಬೀರಿ, ಇವಳನ್ನು ಮೆಟ್ಟಿಲ ತನಕ ಕರೆದುಕೊಂಡು ಬಂದಳು. "ಸುರಪುರದಾಗ ಮನ್ಸೂರಅಲಿ ಸರ್ ಅಂತ ಅದಾರ. ರಿಟೈರ್ ಆಗ್ಯಾರ. ನನಗ ಸಮಾಜ ಕಲಿಸ್ದವ್ರು ಅವರ. ಹೋಗಿ ಕೇಳು. ಆದ್ರ ಒಂದು ಹೇಳ್ತೀನಿ, ಪಾಠ ಕೇಳಿದ್ರ ಮುಗೀತು ಅನ್ನಂಗಿಲ್ಲ ಅಲ್ಲಿ. ಅವರ ತಾಯಿಗೆ ಕತಿ ಹೇಳಬೇಕು."

ಮೌನೇಶ್ವರಿಗೆ ಆಗ ಮೂವತ್ತಾರು ವರ್ಷ. ಹದಿನಾರಕ್ಕೆ ಹತ್ತನೆಯದು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬೋನಾಳಕ್ಕೆ ಬಂದವಳು. ಗಂಡ ಹಣಮೇಶ ಸರಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಕಾಮಾಲೆಯಾಗಿ ಹನ್ನೊಂದು ದಿನಕ್ಕೆ ತೀರಿಹೋದ. ಅನುಕಂಪದ ಮೇಲೆ ಅವನ ಕೆಲಸ ಇವಳಿಗೆ ಸಿಗುವಂತಿತ್ತು, ಹತ್ತನೆಯದು ಪಾಸಾಗಿದ್ದರೆ. ಖಾಸಗಿಯಾಗಿ ಕಟ್ಟಿ ಕೂತಳು. ಐದು ವಿಷಯ ದಾಟಿದವು. ಸಮಾಜದಲ್ಲಿ ಮೊದಲ ಸಲ ಮೂವತ್ತೊಂದು ಬಂತು, ಎರಡನೆಯ ಸಲವೂ ಮೂವತ್ತೊಂದೇ ಬಂತು. ಬೇಕಾದದ್ದು ಮೂವತ್ತೈದು. ಕಚೇರಿಯ ಗುಮಾಸ್ತ ಅಯ್ಯಣ್ಣ ಒಳ್ಳೆಯವನು, ಆದರೆ ಅವನ ಕೈಯಲ್ಲೂ ಏನೂ ಇರಲಿಲ್ಲ. "ದಸರಾದೊಳಗ ಮಾರ್ಕ್ಸ್ ಕಾರ್ಡ್ ತಂದಿಡು ತಂಗಿ. ಮುಂದ ನಾ ಏನ್ ಮಾಡಾಕೂ ಬರಂಗಿಲ್ಲ, ಫೈಲ್ ಮುಚ್ಚಿಬಿಡತದ" ಎಂದಿದ್ದ. ಆ ವರ್ಷ ಉಳಿದಿದ್ದದ್ದು ಮೂರನೆಯ ಪರೀಕ್ಷೆ ಒಂದೇ.

ಸುರಪುರದ ಗುಡ್ಡದ ಇಳಿಜಾರಿನಲ್ಲಿ ಮನ್ಸೂರಅಲಿ ಮಾಸ್ತರರ ಮನೆ. ಮುಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ಒಂದು ಕೋಣೆ. ಬಾಗಿಲಿಗೆ ಹಸಿರು ಪರದೆ. ಅದರ ಹಿಂದೆ ಮಂಚದ ಮೇಲೆ ಅವರ ತಾಯಿ ಖಾಜಾಬೀ ಕೂತಿರುತ್ತಿದ್ದರು. ವಯಸ್ಸು ಎಂಬತ್ತನಾಲ್ಕು, ಕಣ್ಣು ಪೂರ್ತಿ ಹೋಗಿದ್ದವು, ಕಿವಿ ಮಾತ್ರ ಚುರುಕು. ಬೀದಿಯಲ್ಲಿ ಯಾರು ಯಾರನ್ನೇ ಕರೆಯಲಿ, ಖಾಜಾಬೀ ಒಳಗಿನಿಂದ "ಓ" ಎನ್ನುತ್ತಿದ್ದರು. ಬದನೆಕಾಯಿಯವಳು ಕೂಗಿದರೂ ಓ. ಎದುರು ಮನೆಯವರು ತಮ್ಮ ಮಗನನ್ನು ಕರೆದರೂ ಓ. ಮೊದಮೊದಲು ಮೌನೇಶ್ವರಿಗೆ ನಗು ಬರುತ್ತಿತ್ತು. ಮನೆಯವರು ಯಾರೂ ನಗದೆ ಇರುವುದನ್ನು ನೋಡಿ ಅವಳೂ ಬಿಟ್ಟಳು.

ಮಾಸ್ತರರ ಕ್ರಮ ಹೀಗಿತ್ತು. ಒಂದು ಪಾಠವನ್ನು ಅವರು ಒಮ್ಮೆ ಹೇಳುವರು. ಶಿಷ್ಯೆ ಗಟ್ಟಿಯಾಗಿ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ, ಪರದೆ ಸರಿಸಿ ಒಳಗೆ ಹೋಗಿ, ಅದೇ ಪಾಠವನ್ನು ಖಾಜಾಬೀಗೆ ಕಥೆಯಂತೆ ಹೇಳಬೇಕು. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು.

"ಬಾಯಿಗೆ ಬಂದದ್ದ ಕೈಗೆ ಬರೋದು. ಮೂವತ್ತಾರು ವರ್ಷ ಹಿಂಗ ಕಲಿಸೀನಿ. ನಮ್ಮಮ್ಮ ಶಾಲಿ ಮೆಟ್ಟಲಾ ಹತ್ತಿಲ್ಲ. ಆದ್ರ ಹತ್ತನೇತ್ತೆ ಸಮಾಜ ಆಕಿ ಕೇಳಿದಷ್ಟು ಸಲ ಈ ತಾಲೂಕಿನ್ಯಾಗ ಯಾರೂ ಕೇಳಿಲ್ಲ" ಎನ್ನುತ್ತಿದ್ದರು ಮಾಸ್ತರರು.

ಖಾಜಾಬೀ ಕೇಳುವ ಪ್ರಶ್ನೆಗಳು ಗೈಡಿನಲ್ಲಿ ಇರುತ್ತಿರಲಿಲ್ಲ. ಮಣ್ಣಿನ ಪಾಠ ಹೇಳಿದರೆ, "ಎರಿ ಮಣ್ಣು ಕಾಲಿಗೆ ಅಂಟತದ ಅಂತ ಬರದಾರೇನು?" ಎಂದು ಕೇಳುವರು. ಬ್ಯಾಂಕಿನ ಪಾಠಕ್ಕೆ, "ಒಳಗ ಹೋದ ಕೂಡ್ಲೆ ಅವರಿಗೆ ಸಿಟ್ಟು ಯಾಕ ಬರತದ, ಅದೈತೇನು ಪುಸ್ತಕದಾಗ?" ಎನ್ನುವರು. ಮೌನೇಶ್ವರಿ ಬಾಯಿಗೆ ಸೆರಗು ಒತ್ತಿ ನಗುವಳು. ಆದರೆ ಒಂದು ತಿಂಗಳು ಕಳೆಯುವುದರೊಳಗೆ ಪಾಠಗಳು ಅವಳಲ್ಲಿ ನಿಲ್ಲತೊಡಗಿದವು. ಬಸ್ಸಿನಲ್ಲಿ ಕೂತರೆ ತಾನಾಗಿ ತುಟಿ ಅಲುಗುತ್ತಿತ್ತು.

ದೇಶೀಯ ಸಂಸ್ಥಾನಗಳ ಪಾಠ ಬಂದ ದಿನ, ಮಾಸ್ತರರ ಪುಸ್ತಕದಲ್ಲಿ ಎರಡು ಹಾಳೆ ಒಂದಕ್ಕೊಂದು ಸೇರಿಸಿ ಟಾಚಣಿ ಚುಚ್ಚಿದ್ದು ಕಂಡಿತು. ಸ್ವಾತಂತ್ರ್ಯ ಬಂದಾಗ ಸೇರಲು ಒಪ್ಪದೆ ನಿಂತ ಸಂಸ್ಥಾನಗಳು ಮೂರು: ಜುನಾಗಢ, ಹೈದರಾಬಾದು, ಕಾಶ್ಮೀರ. ಮಾಸ್ತರರು ಜುನಾಗಢ ಹೇಳಿ ನೇರವಾಗಿ ಕಾಶ್ಮೀರಕ್ಕೆ ಹೋದರು.

"ಸರ್ರಿ, ನಡುವಿಂದು? ನಮ್ಮ ಸೀಮೀದ ಬಿಟ್ಟು ಹೋತಲ್ರಿ. ಎರಡು ಸಲಾನೂ ಅದ ಬಂದಿತ್ರಿ ನಾಕು ಮಾರ್ಕ್ಸಿಗೆ. ಎರಡು ಸಲಾನೂ ಖಾಲಿ ಬಿಟ್ಟೀನಿ."

ಮಾಸ್ತರರು ಪರದೆಯತ್ತ ನೋಡಿ ದನಿ ತಗ್ಗಿಸಿದರು. "ಅದನ್ನ ಮನ್ಯಾಗ ಓದಿಕೋ. ಶಾಲ್ಯಾಗ ಕಲಿಸೀನಿ, ಇಲ್ಲಿ ಕಲಿಸಂಗಿಲ್ಲ. ನೌಕರಿ ಹತ್ತಿದ ವರ್ಷ ಇದ ಪಡಸಾಲ್ಯಾಗ ಕುಂತು ಗಟ್ಟಿಯಾಗಿ ಓದಿದ್ದೆ. ಅಮ್ಮ ಎದ್ದು ಹೋಗಿ ಕಟಗಿ ಕೋಣ್ಯಾಗ ಮೂಲಿ ಹಿಡದು ಕುಂತಳು, ತನ್ನ ಬಾಯಿ ತಾನ ಮುಚಿಗೊಂಡು. ಎರಡು ದಿನ ಹೊರಗ ಬರಲಿಲ್ಲ. ಯಾಕಂತ ನಾನೂ ಕೇಳಲಿಲ್ಲ, ಆಕೀನೂ ಹೇಳಲಿಲ್ಲ."

ಮೌನೇಶ್ವರಿ ಮನೆಯಲ್ಲಿ ಓದಿದಳು. ಹತ್ತು ಸಲ ಓದಿದರೂ ನಿಲ್ಲಲಿಲ್ಲ. ಅತ್ತೆ ಪಾರ್ವತೆಮ್ಮನಿಗೆ ಹೇಳಿ ನೋಡೋಣವೆಂದು ಜೋಳ ಹಸನು ಮಾಡುವಾಗ ಶುರು ಮಾಡಿದಳು. ರಜಾಕಾರರು ಎಂಬ ಮಾತು ಬರುತ್ತಲೇ ಪಾರ್ವತೆಮ್ಮ ಮೊರ ಕೆಳಗಿಟ್ಟಳು. "ಆ ಹೆಸರು ಮನ್ಯಾಗ ತರಬ್ಯಾಡ. ನಮ್ಮಪ್ಪ ಆ ವರ್ಷ ಎರಡು ಸಲ ಊರು ಬಿಟ್ಟು ಓಡಿದ್ದ. ತಿರುಗಿ ಬಂದಾಗ ಮನಿಗೆ ಮಾಡು ಇರಲಿಲ್ಲಂತ. ಬ್ಯಾರೆ ಏನರೆ ಓದು." ಹೀಗೆ ಆ ಪಾಠಕ್ಕೆ ಎರಡು ಊರಿನಲ್ಲೂ ಕಿವಿ ಸಿಗಲಿಲ್ಲ.

ಪರೀಕ್ಷೆಗೆ ಹದಿನೈದು ದಿನವಿತ್ತು. ಅಂದು ಶುಕ್ರವಾರ, ಮಾಸ್ತರರು ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ಮೌನೇಶ್ವರಿ ಎಂದಿನಂತೆ ಒಳಗೆ ಹೋಗಿ ಮಂಚದ ಪಕ್ಕ ಕೂತಳು.

"ಸಂಸ್ಥಾನದ ಕತಿ ತಿರುಗಿ ಹೇಳು" ಎಂದರು ಖಾಜಾಬೀ. ಅವಳು ಹೇಳಿದಳು. ಮುಗಿದ ಮೇಲೆ ಅವರು, "ಮೂರು ಅಂತೀರಿ, ಎರಡು ಹೇಳ್ತೀರಿ. ಇಷ್ಟು ವರ್ಷದಿಂದ ಎಲ್ಲಾ ಹುಡುಗ್ರೂ ಮೂರು ಅಂದು ಎರಡ ಹೇಳಿ ಹೋಗ್ಯಾರ. ನನ್ನ ಮಗ ತಿಳಕೊಂಡಾನ, ಅಮ್ಮಗ ಎಣಿಸಾಕ ಬರಂಗಿಲ್ಲ ಅಂತ" ಎಂದರು.

ಮೌನೇಶ್ವರಿ ಬಾಗಿಲಿನತ್ತ ನೋಡಿದಳು. ಮಾಸ್ತರರ ಮಾತು ಒಂದು ಕಡೆ, ನಾಲ್ಕು ಅಂಕ ಇನ್ನೊಂದು ಕಡೆ.

"ಹೇಳು ಬೇಟಿ. ಪುಸ್ತಕದಾಗ ಏನು ಬರದಾರ, ಅಷ್ಟ ಹೇಳು."

ಅವಳು ಹೇಳಿದಳು. ನಿಜಾಮ ಸ್ವತಂತ್ರನಾಗಿ ಉಳಿಯಬೇಕೆಂದದ್ದು, ತೆಲಂಗಾಣದ ರೈತರು ಎದ್ದದ್ದು, ಅವನ ಪರ ಪಡೆ ಕಟ್ಟಿದ ರಜಾಕಾರರು ಜನರನ್ನು ಪೀಡಿಸಿದ್ದು, ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಸೈನ್ಯ ಬಂದದ್ದು. ಹೈದರಾಬಾದು ವಿಲೀನವಾಯಿತು. ಮೊದಲ ಸಲ ಆ ಪಾಠ ಎಲ್ಲಿಯೂ ತಡವರಿಸದೆ ಅವಳ ಬಾಯಿಂದ ಇಳಿಯಿತು.

"ಮುಂದ?"

"ಮುಗೀತ್ರಿ. ಅಷ್ಟ ಐತಿ."

ಖಾಜಾಬೀ ಅವಳ ಕೈ ಹುಡುಕಿ ಹಿಡಿದುಕೊಂಡರು. ಆಮೇಲೆ ಹೇಳಿದ್ದನ್ನು ಅವರು ಒಂದೇ ದನಿಯಲ್ಲಿ, ನಡುವೆ ಎಲ್ಲಿಯೂ ನಿಲ್ಲದೆ ಹೇಳಿದರು. ಊರಿನ ಹೆಸರು ಮಾತ್ರ ಹೇಳಲಿಲ್ಲ.

ಆಗ ಅವರಿಗೆ ಎಂಟು ವರ್ಷ. ಸೈನ್ಯ ಬಂದ ಸುದ್ದಿ ಬಂತು, ಅದರ ಹಿಂದೆ ಮುಸಲ್ಮಾನರನ್ನು ಹುಡುಕಿ ಕೊಲ್ಲುತ್ತಿರುವ ಸುದ್ದಿಗಳೂ ಬಂದವು. ಪಕ್ಕದ ಮನೆಯ ಗೌಡತಿ ಈ ತಾಯಿ ಮಗಳಿಬ್ಬರನ್ನೂ ತನ್ನ ಮನೆಯ ಹಗೇವಿನಲ್ಲಿ ಇಳಿಸಿದಳು. ಜೋಳ ತುಂಬಿಡುವ ನೆಲದೊಳಗಿನ ಆ ಕುಣಿಯಲ್ಲಿ ಉಸಿರು ಬಿಸಿ. ಹಗಲು ಯಾವುದು, ಇರುಳು ಯಾವುದು ತಿಳಿಯದು. ತಂದೆ ಹೊರಗೆ ಉಳಿದಿದ್ದ. ಎಷ್ಟು ಹೊತ್ತಾಗಿತ್ತೋ, ಮೇಲಿನಿಂದ ಒಂದು ದನಿ ಬಂತು. "ಖಾಜಾ." ಅಬ್ಬಾನ ದನಿಯೇ. ಓ ಎನ್ನಲು ಬಾಯಿ ತೆರೆದ ಹುಡುಗಿಯ ಬಾಯನ್ನು ತಾಯಿ ಅಂಗೈಯಿಂದ ಮುಚ್ಚಿದಳು. ಕತ್ತಲೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕರೆಯ ತನಕ ಓಗೊಡಬಾರದು. ದೆವ್ವದ ಗಾಳಿ ಆದರೆ ಎರಡೇ ಸಲ ಕರೆಯುತ್ತದೆ, ಮನುಷ್ಯರಾದರೆ ಮೂರನೆಯ ಸಲವೂ ಕರೆಯುತ್ತಾರೆ. ಗೌಡತಿಯ ಮನೆಯಲ್ಲೂ ಅದೇ ನಂಬಿಕೆ, ಇವರ ಮನೆಯಲ್ಲೂ ಅದೇ. ದನಿ ಮತ್ತೊಮ್ಮೆ ಬಂತು. "ಖಾಜಾ." ತಾಯಿ ಮಗಳು ಇಬ್ಬರೂ ಮೂರನೆಯದಕ್ಕೆ ಕಾದರು.

"ಬರಲಿಲ್ಲ" ಎಂದರು ಖಾಜಾಬೀ. "ಅಬ್ಬಾ ಎಲ್ಲೂ ಸಿಗಲಿಲ್ಲ. ಯಾರೂ ಕಂಡೀವಿ ಅನ್ನಲಿಲ್ಲ. ನಮ್ಮವ್ವ ಸಾಯೋ ತನಕ ಅಂದ್ಳು, ಅದು ಗಾಳಿ ಇತ್ತು ಖಾಜಾ, ಗಾಳೀನ ಇತ್ತು ಅಂತ. ನನಗ ಗೊತ್ತು. ಅವನಿಗೆ ಕೆಮ್ಮಿತ್ತು. ಎರಡನೇ ಕರಿ ಆದ ಮ್ಯಾಲ ಕೆಮ್ಮಿದ."

ಬೀದಿಯಲ್ಲಿ ಯಾರೋ ಯಾರನ್ನೋ ಕರೆದರು. ಖಾಜಾಬೀ "ಓ" ಎಂದರು.

ಪರದೆ ಸರಿಯಿತು. ಮಾಸ್ತರರು ಟೋಪಿ ತೆಗೆಯದೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. "ನಾ ಬ್ಯಾಡ ಅಂದಿದ್ದೆ. ನಾಳಿಂದ ಬರಬ್ಯಾಡವ್ವಾ" ಎಂದರು, ಸಿಟ್ಟಿಲ್ಲದೆ. ಅದೇ ಹೆಚ್ಚು ನೋಯಿಸಿತು.

ಮೌನೇಶ್ವರಿ ಒಂಬತ್ತು ದಿನ ಹೋಗಲಿಲ್ಲ. ಕೆರೆಯ ಏರಿಯ ಮೇಲೆ ಕೂತು ಪುಸ್ತಕ ತೆರೆದರೆ ಉಳಿದ ಪಾಠಗಳೂ ಮಸುಕಾಗಿ ಕಾಣುತ್ತಿದ್ದವು. ಪಾತ್ರೆ ತೊಳೆಯುವಾಗ ಅತ್ತೆ ಹೆಸರು ಹಿಡಿದು ಕರೆದರೆ, ಉತ್ತರ ಕೊಡುವ ಮೊದಲೇ ಎಣಿಸುತ್ತಿದ್ದಳು. ಹಣಮೇಶ ಆಸ್ಪತ್ರೆಯಲ್ಲಿ ಕೊನೆಯ ದಿನ ತನ್ನನ್ನು ಎಷ್ಟು ಸಲ ಕರೆದ? ಅವಳು ಮಾತ್ರೆ ತರಲು ಕೆಳಗೆ ಹೋಗಿದ್ದಳು. ಪಕ್ಕದ ಹಾಸಿಗೆಯವರು ಹೇಳಿದ್ದರು, ಕರೆದ ಎಂದು. ಎಷ್ಟು ಸಲ ಎಂದು ಅವಳು ಕೇಳಿರಲಿಲ್ಲ.

ಹತ್ತನೆಯ ದಿನ ಫೋನು ಬಂತು. "ಅಮ್ಮ ಊಟ ಬಿಟ್ಟಾಳ" ಎಂದರು ಮಾಸ್ತರರು. "ಪಾಠ ಅರ್ಧಕ್ಕ ನಿಂತೈತಿ, ಆ ಹುಡುಗೀನ ಕರಸು ಅಂತಾಳ. ಬಾ."

ಮೌನೇಶ್ವರಿ ಹೋದಾಗ ಪರದೆ ಮೇಲಕ್ಕೆ ಕಟ್ಟಿತ್ತು. ಮಾಸ್ತರರು ಕುರ್ಚಿಯನ್ನು ತಾಯಿಯ ಮಂಚದ ಹತ್ತಿರ ಎಳೆದುಕೊಂಡರು. ಟಾಚಣಿಗೆ ತುಕ್ಕು ಹಿಡಿದಿತ್ತು, ಕೀಳುವಾಗ ಹಾಳೆ ಸ್ವಲ್ಪ ಹರಿಯಿತು. ಅವರು ಗಟ್ಟಿಯಾಗಿ ಓದಿದರು. ಪ್ರತಿ ಸಾಲಿಗೂ ಖಾಜಾಬೀ "ಹೂಂ" ಎಂದರು. ಎಲ್ಲಿಯೂ ಎದ್ದು ಹೋಗಲಿಲ್ಲ. ಓದಿ ಮುಗಿದ ಮೇಲೆ ಮಾಸ್ತರರು ಕನ್ನಡಕ ತೆಗೆದು, ತಾವು ಅರವತ್ತನಾಲ್ಕು ವರ್ಷ ಕೇಳದೆ ಇದ್ದದ್ದನ್ನು ಕೇಳಿದರು. "ನಿನ್ನ ಅಬ್ಬಾ, ನಮ್ಮ ನಾನಾ, ಹ್ಯಾಂಗಿದ್ದ ಅಮ್ಮಾ?"

"ಉದ್ದಕಿದ್ದ. ಮೊದಲು ಪಾಠ ಮುಗಸು, ಪರೀಕ್ಷಾ ಹತ್ರ ಬಂತು" ಎಂದರು ಖಾಜಾಬೀ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂತು. ಹೈದರಾಬಾದ್ ಸಂಸ್ಥಾನದ ವಿಲೀನವನ್ನು ವಿವರಿಸಿ, ನಾಲ್ಕು ಅಂಕ. ಮೌನೇಶ್ವರಿ ಮಾಸ್ತರರು ಹೇಳಿದಂತೆ ಅಂಶಗಳನ್ನು ಒಂದರ ಕೆಳಗೊಂದು ಬರೆದಳು. ಕೊನೆಯದಕ್ಕೆ ಬಂದಾಗ ಖಾಜಾಬೀ "ಮುಂದ?" ಎಂದಂತಾಯಿತು. ಕೈ ತಾನಾಗಿ ಇನ್ನೊಂದು ಸಾಲು ಬರೆಯಿತು: *ಒಬ್ಬ ತಂದೆ ಮಗಳನ್ನು ಎರಡು ಸಲ ಕರೆದನು, ಮೂರನೆಯ ಸಲ ಕರೆಯಲಿಲ್ಲ.* ಗಂಟೆ ಬಾರಿಸಿದರು. ಹೊಡೆದು ಹಾಕಲು ಹೊತ್ತಿರಲಿಲ್ಲ. ಊರು ಮುಟ್ಟುವ ತನಕ ಅವಳಿಗೆ ಅದೇ ದಿಗಿಲು. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದು ಇಡೀ ಉತ್ತರ ಕೆಡಿಸಿಕೊಂಡೆ ಎಂದು ಎರಡು ವಾರ ಅನ್ನ ರುಚಿಸಲಿಲ್ಲ.

ಮೂವತ್ತಾರು ಬಂತು. ಅಯ್ಯಣ್ಣ ಮಾರ್ಕ್ಸ್ ಕಾರ್ಡಿನ ನಕಲನ್ನು ಫೈಲಿಗೆ ಸೇರಿಸಿ, "ಇನ್ನ ನೀ ನಮ್ಮ ಆಫೀಸಿನ ಮಂದಿ ತಂಗಿ, ಚಾ ಕುಡದು ಹೋಗು" ಎಂದ.

ಆ ಒಂದು ಸಾಲಿನ ಸಂಗತಿ ಕೇಳಿದ ಮೇಲೆ ಉತ್ತರ ಪತ್ರಿಕೆಯ ನಕಲು ತರಿಸಿದವರು ಮಾಸ್ತರರು. ನೆಟ್ ಸೆಂಟರಿನಲ್ಲಿ ಬಣ್ಣದ ಪ್ರಿಂಟು ತೆಗೆಸಿ, ತಾಯಿಯ ಮಂಚದ ಮೇಲೆ ಹರಡಿದರು. ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದರು. ಕೊನೆಯ ಸಾಲಿಗೆ ಸರಿ ಗುರುತೂ ಇರಲಿಲ್ಲ, ತಪ್ಪು ಗುರುತೂ ಇರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಇತ್ತು.

"ಗೆರಿ ಅಂದ್ರ ಏನು?" ಎಂದು ಕೇಳಿದರು ಖಾಜಾಬೀ.

"ನಾನೂ ಪೇಪರ್ ನೋಡುವಾಗ ಹಂಗ ಎಳೀತಿದ್ದೆ" ಎಂದರು ಮಾಸ್ತರರು. "ಓದೀನಿ ಅಂತ."

"ಯಾರು ಓದಿದ್ದು?"

"ಗೊತ್ತಾಗಂಗಿಲ್ಲ ಅಮ್ಮಾ. ಹೆಸರು ಇರಂಗಿಲ್ಲ."

"ಎಲ್ಲೈತಿ?"

ಮಾಸ್ತರರು ತಾಯಿಯ ಬೆರಳು ಹಿಡಿದು ಸಾಲಿನ ಮೊದಲ ಅಕ್ಷರದ ಮೇಲಿಟ್ಟರು. ಖಾಜಾಬೀ ಬೆರಳನ್ನು ಮೆಲ್ಲಗೆ ಸರಿಸುತ್ತ ಹೋದರು. ಮಗ ಅವರ ಮಣಿಕಟ್ಟು ತಡೆದಲ್ಲಿ ಸಾಲು ಮುಗಿದಿತ್ತು.

"ಇಷ್ಟ ಏನು?" ಎಂದರು ಅವರು.

"ಇಷ್ಟರಿ" ಎಂದಳು ಮೌನೇಶ್ವರಿ. "ಹೊತ್ತಿರಲಿಲ್ರಿ."

ಖಾಜಾಬೀ ಬೆರಳನ್ನು ತೆಗೆಯಲಿಲ್ಲ.