ಇಳಕಲ್ಲಿಗೆ ಒಂದು ಪಾಸು

ಆಗ ಬಾಗಲಕೋಟೆಯ ಊರಾಚೆ ತಂತಿಬೇಲಿ ಹಾಕಿದ ಒಂದು ವಸತಿ ಇತ್ತು. ಜನ ಅದನ್ನು ಸೆಟ್ಲಮೆಂಟ್ ಎನ್ನುತ್ತಿದ್ದರು. ಕೆಲವು ಜಾತಿಯವರು ಹುಟ್ಟಾ ಕಳ್ಳರೆಂದು ಸರ್ಕಾರ ಕಾಯಿದೆ ಮಾಡಿ, ಪಟ್ಟಿ ಬರೆದು, ಪಟ್ಟಿಯಲ್ಲಿದ್ದವರನ್ನು ಅಲ್ಲಿ ತಂದಿಟ್ಟಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಜರಿ. ಬೇಲಿ ದಾಟಲು ಪಾಸು ಬೇಕು.

ಮುರ್ತುಜಸಾಬ ಅಲ್ಲಿಗೆ ಬಂದಾಗ ಎಂಟು ವರ್ಷದವನು. ಮುಂದೆ ದೊಡ್ಡ ಜ್ವರ ಬಂದ ವರ್ಷ ಅಲ್ಲೇ ಒಂದೇ ವಾರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಅಕ್ಕ ಮಾಬುಬಿ ಪಟ್ಟಿ ಬರೆಯುವ ಮೊದಲೇ ಇಳಕಲ್ಲಿನ ಬಣ್ಣ ಹಾಕುವವರ ಮನೆಗೆ ಮದುವೆಯಾಗಿ ಹೋಗಿದ್ದಳು. ಹಾಗಾಗಿ ಅವಳು ಹೊರಗುಳಿದಳು. ತಂದೆ ತಾಯಿ ಹೋದ ಸುದ್ದಿ ಕೇಳಿ ಒಮ್ಮೆ ಬಂದು, ಬೇಲಿಯ ಆಚೆ ನಿಂತು ತಮ್ಮನ ಜೊತೆ ಮಾತಾಡಿ ಹೋದಳು. ಆಮೇಲೆ ಬಾಣಂತನ, ಮಕ್ಕಳು; ಬರಲಾಗಲಿಲ್ಲ. ಅವಳನ್ನು ನೋಡಿ ಬರುತ್ತೇನೆಂದು ಮುರ್ತುಜ ಮೂರು ಸಲ ಪಾಸು ಕೇಳಿದ. ಎರಡು ದಿನದ ದಾರಿ, ಮದುವೆಯಾಗದ ಹುಡುಗ, ಹೋದವನು ಬರುತ್ತಾನೆಂಬ ಖಾತ್ರಿ ಏನು ಎಂದು ಮೂರು ಸಲವೂ ಇಲ್ಲವೆಂದರು.

ಹಗಲೆಲ್ಲ ಅವನಿಗೆ ಅರಳೆ ಗಿರಣಿಯಲ್ಲಿ ಕೆಲಸ. ಕಾವಲಿನ ಜೊತೆ ಹೋಗಬೇಕು, ಕಾವಲಿನ ಜೊತೆ ಬರಬೇಕು. ಬಂದ ಮೇಲೆ ಹಾಜರಿಯ ಗಂಟೆ ಹೊಡೆಯುವವರೆಗೆ ಅಲ್ಲಿಯ ಶಾಲೆಯ ಹನಮಪ್ಪ ಮಾಸ್ತರರು ಹುಡುಗರಿಗೆ ಹುತುತು ಆಡಿಸುತ್ತಿದ್ದರು. ಮುರ್ತುಜ ಆ ಗುಂಪಿಗೆ ಸೇರಲಿಲ್ಲ. ಬೇಲಿಯ ಒಳಮಗ್ಗುಲಿಗೆ ಒಬ್ಬನೇ ಓಡುತ್ತಿದ್ದ. ಒಂದು ಸುತ್ತಿಗೆ ಆರುನೂರು ಹೆಜ್ಜೆ. ಅವನು ಓಡಿ ಓಡಿ ಅಲ್ಲಿ ಹುಲ್ಲು ಹುಟ್ಟದೆ ಒಂದು ಕಾಲುದಾರಿಯೇ ಬಿದ್ದಿತ್ತು. ಯಾಕೆ ಹೀಗೆ ಓಡುತ್ತೀ ಎಂದು ಮಾಸ್ತರರು ಕೇಳಿದ್ದಕ್ಕೆ, ಕೂತರೆ ತಾಯಿ ನೆನಪಾಗುತ್ತಾಳೆ ಎಂದಿದ್ದ.

ಅವನಿಗೆ ಹದಿನೆಂಟು ತುಂಬಿದ ವರ್ಷ ತಾಲೂಕಿನವರೆಲ್ಲ ಸೇರಿ ಓಟದ ಪಂದ್ಯ ಇಟ್ಟರು. ಶಿರೂರಿನಿಂದ ಬಾಗಲಕೋಟೆಯ ಕಚೇರಿ ಮೈದಾನದವರೆಗೆ, ಮೂರು ಹರದಾರಿ. ಮಾಸ್ತರರು ಮುರ್ತುಜನ ಹೆಸರು ಕೊಟ್ಟರು. ಊರ ಗರಡಿಯ, ಅಂದರೆ ತಾಲೀಮಿನ ಹಿರಿಯರಿಗೆ ಅದು ಸೇರಲಿಲ್ಲ. ಸೆಟ್ಲಮೆಂಟಿನವನ ಜೊತೆ ನಮ್ಮ ಹುಡುಗರು ಓಡಬೇಕೇ ಎಂದರು. ಆದರೆ ಮೇಲಿನಿಂದಲೇ ಅಪ್ಪಣೆ ಬಂದಿತ್ತು. ಆಟ ಪಾಠದಿಂದ ಇಂಥ ಹುಡುಗರು ಹೇಗೆ ಸುಧಾರಿಸುತ್ತಾರೆ ಎಂದು ತೋರಿಸುವ ಚಿತ್ರ ತೆಗೆಯಲು ಮುಂಬಯಿಯಿಂದ ಒಬ್ಬ ಪಾರ್ಸಿ ಗೃಹಸ್ಥ ಬಯಸ್ಕೋಪಿನ ಯಂತ್ರ ತಂದು ಇಳಿದಿದ್ದ. ಚಿತ್ರಕ್ಕೆ ಸೆಟ್ಲಮೆಂಟಿನ ಹುಡುಗನೇ ಬೇಕು.

ಬೆಳಿಗ್ಗೆ ಎಲ್ಲರನ್ನೂ ಚಕ್ಕಡಿಯಲ್ಲಿ ಶಿರೂರಿಗೆ ಒಯ್ದು, ಮಧ್ಯಾಹ್ನದ ಮೇಲೆ ಅಲ್ಲಿಂದ ಬಿಟ್ಟರು. ಮುರ್ತುಜ ನೆಟ್ಟಗಿನ ದಾರಿಯಲ್ಲಿ ಓಡಿದ್ದು ಅದೇ ಮೊದಲು. ಬೇಲಿ ಸುತ್ತಿದ ರೂಢಿಗೆ ಕಾಲು ಎಡಕ್ಕೆ ಎಳೆಯುತ್ತಿತ್ತು. ಎರಡು ಸಲ ಎರೆಹೊಲಕ್ಕೇ ಇಳಿದುಬಿಟ್ಟ. ಅರ್ಧ ದಾರಿಯಾದ ಮೇಲೆ ಆ ಎಳೆತ ನಿಂತಿತು. ಮುಂದೆ ಇದ್ದವನು ತಾಲೀಮಿನ ತಿಮ್ಮಣ್ಣ. ಊರು ಕಣ್ಣಿಗೆ ಬೀಳುವ ಹೊತ್ತಿಗೆ ಮುರ್ತುಜ ಅವನನ್ನೂ ದಾಟಿದ.

ಇಷ್ಟು ಬೇಗ ಯಾರಾದರೂ ಬರುತ್ತಾರೆಂದು ಮೈದಾನದಲ್ಲಿ ಯಾರೂ ಎಣಿಸಿರಲಿಲ್ಲ. ಪಾರ್ಸಿ ಗೃಹಸ್ಥ ಯಂತ್ರಕ್ಕೆ ಮುಸುಕು ಹೊದಿಸಿ, ನೆರಳಿಗೆ ಕೂತು ಚಹಾ ಕುಡಿಯುತ್ತಿದ್ದ. ಅವನು ಎದ್ದು ಬರುವಷ್ಟರಲ್ಲಿ ಓಟ ಮುಗಿದಿತ್ತು. ಸ್ವಲ್ಪ ಹಿಂದೆ ಹೋಗಿ ಇನ್ನೊಮ್ಮೆ ಓಡಿ ಬಾ ಎಂದು ಹೇಳಿ ಕಳಿಸಿದ. ಮುರ್ತುಜ ಏದುಸಿರು ಬಿಡುತ್ತ ನೆಲಕ್ಕೆ ಕೂತಿದ್ದ; ಏಳಲಿಲ್ಲ.

ಸೆಟ್ಲಮೆಂಟಿನ ಮೇನೇಜರ ತಾವೇ ಬಂದು ಗದರಿಸಿದರು. ಆಗ ಎದ್ದು ನಿಂತು ಹೇಳಿದ:

“ಗೆದ್ದಾತಲ್ರಿ ಸಾಹೇಬ್ರ. ಮತ್ತ ಓಡಬೇಕಂದ್ರ ಇಳಕಲ್ಲಿಗೆ ಪಾಸ್ ಬರದು ಕೊಡ್ರಿ. ಅಕ್ಕನ್ನ ನೋಡಿ ಬರ್ತೇನಿ.”

ಮೇನೇಜರ ಸುತ್ತ ನೋಡಿದರು. ಜಿಲ್ಲೆಯ ದೊಡ್ಡ ಸಾಹೇಬರು ಕುರ್ಚಿಯ ಮೇಲಿದ್ದರು, ಯಂತ್ರ ಸಜ್ಜಾಗಿ ನಿಂತಿತ್ತು, ಬಿಸಿಲು ಇಳಿಯುತ್ತಿತ್ತು. ಕಾಗದ ತರಿಸಿ ಎಂಟು ದಿನದ ಪಾಸು ಬರೆದರು. ಮುರ್ತುಜ ಅದನ್ನು ಹನಮಪ್ಪ ಮಾಸ್ತರರ ಕೈಗೆ ಕೊಟ್ಟು, ಓದಿಸಿ, ಅವರ ಜೇಬಿನಲ್ಲೇ ಇಡಿಸಿ, ಹಿಂದೆ ಹೋಗಿ ಓಡಿ ಬಂದ. ಯಂತ್ರದವನಿಗೆ ತೃಪ್ತಿಯಾಗುವವರೆಗೆ ನಾಲ್ಕು ಸಲ ಓಡಿದ.

ಮರುದಿನ ಅಮೀನಗಡದ ದಾರಿ ಹಿಡಿದ. ನಡೆದೇ ಹೋದ. ಹುನಗುಂದದಲ್ಲಿ ಪೊಲೀಸರು ಹಿಡಿದು ನಿಲ್ಲಿಸಿ, ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ ಬಿಟ್ಟರು. ಇಳಕಲ್ಲಿನಲ್ಲಿ ಮಾಬುಬಿ ಮೊಣಕೈವರೆಗೆ ಕೆಂಪು ಬಣ್ಣ ಮಾಡಿಕೊಂಡು ರೇಷ್ಮೆ ನೂಲಿನ ಲಡಿ ಹಿಂಡುತ್ತಿದ್ದಳು. ಗಡ್ಡ ಬಂದ ತಮ್ಮನನ್ನು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೂರು ದಿನ ಇದ್ದ. ಬಾವನ ಜೊತೆ ಬಣ್ಣದ ಹಂಡೆಗೆ ಉರಿ ಹಾಕಿದ, ಮಕ್ಕಳನ್ನು ಆಡಿಸಿದ. ಒಂದು ದಿನ ಮೊದಲೇ ಬಂದು ಹಾಜರಿ ಕೊಟ್ಟ.

ಆರು ತಿಂಗಳಿಗೆ ಚಿತ್ರ ಬಂತು. ಸೆಟ್ಲಮೆಂಟಿನ ಅಂಗಳದಲ್ಲೇ ಪರದೆ ಕಟ್ಟಿ ತೋರಿಸಿದರು. ಮುರ್ತುಜ ಓಡಿ ಬಂದ, ಜನ ಕೈ ಬೀಸಿದರು, ಆಮೇಲೆ ಇಂಗ್ಲಿಷ್ ಅಕ್ಷರ ಬಂದವು. ಮಾಸ್ತರರು ಅವನ್ನು ಕನ್ನಡ ಮಾಡಿ ಗಟ್ಟಿಯಾಗಿ ಹೇಳಿದರು: ದಾರಿ ತಪ್ಪಿದ ಯುವಕನನ್ನು ಆಟವು ಸನ್ಮಾರ್ಗಕ್ಕೆ ತಂದಿತು.

ಎಲ್ಲರೂ ಏಳುವಾಗ ಮುರ್ತುಜ ಅವರ ಹತ್ತಿರ ಬಂದು ಮೆಲ್ಲಗೆ ಕೇಳಿದ: “ನಾ ಯಾವಾಗ ದಾರಿ ತಪ್ಪಿದ್ನಿರಿ, ಮಾಸ್ತರ?”

ಮಾಸ್ತರರು ಪರದೆ ಬಿಚ್ಚುವವರಿಗೆ ಹಗ್ಗ ಹಿಡಿಯಲು ಹೋದರು.

ಮುಂದಿನ ಏಳು ವರ್ಷ ಅವನು ಪ್ರತಿ ಪಂದ್ಯದಲ್ಲೂ ಓಡಿದ. ಬಾದಾಮಿಯಲ್ಲಿ ಎರಡು ಸಲ ಸೋತ, ಉಳಿದಲ್ಲಿ ಗೆದ್ದ. ರುಮಾಲು, ಬೆಳ್ಳಿಯ ಕಡಗ ಏನು ಕೊಟ್ಟರೂ ಅದರ ಬದಲು ಪಾಸು ಕೇಳುತ್ತಿದ್ದ; ಒಮ್ಮೊಮ್ಮೆ ಕೊಟ್ಟರು, ಒಮ್ಮೊಮ್ಮೆ ಇಲ್ಲ. ಪ್ರತಿ ಸಲ ಹೋದವನು ಹೊತ್ತಿಗೆ ಸರಿಯಾಗಿ ಬಂದನೆಂಬುದು ದಫ್ತರದಲ್ಲಿ ಇತ್ತಲ್ಲ, ಅದನ್ನೇ ಆಧಾರ ಮಾಡಿ ಮಾಸ್ತರರು ಅರ್ಜಿ ಬರೆದರು. ಎರಡನೆಯ ಅರ್ಜಿಗೆ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು.

ಇಳಕಲ್ಲಿಗೆ ಹೋಗಿ ಬಾವನ ಜೊತೆ ಬಣ್ಣದ ಕೆಲಸಕ್ಕೆ ನಿಂತ. ಕಾಸಿಂಬಿಯನ್ನು ಮದುವೆಯಾದ. ಅವರ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹನಮಪ್ಪ ಮಾಸ್ತರರು ಮಗಳ ಮದುವೆಯ ಸೀರೆಗೆಂದು ಇಳಕಲ್ಲಿಗೆ ಬಂದರು. ಮುರ್ತುಜ ಮನೆಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಕೂತು, ನಿನ್ನ ಗಂಡನಂಥ ಓಟಗಾರನನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ ಎಂದು ಕಾಸಿಂಬಿಗೆ ಎಲ್ಲವನ್ನೂ ಹೇಳಿದರು. ಅವಳಿಗೆ ಅದೊಂದೂ ಗೊತ್ತಿರಲಿಲ್ಲ.

ಸಂಜೆ ಅವನು ಬಂದ ಮೇಲೆ ಕೇಳಿದಳು. ಹೌದು, ಓಡುತ್ತಿದ್ದೆ ಎಂದ. ಮಾಸ್ತರರು ಯಾವ ಸೀರೆ ಒಯ್ದರು, ಬಣ್ಣ ಯಾವುದು ಎಂದು ವಿಚಾರಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದ.