ಸ್ಮಾರ್ಟ್ ಬೋರ್ಡಿನ ಹಣೆಗೆ ಕುಂಕುಮ

ಒಂದು ಚಿಟಿಕೆ ಕುಂಕುಮ. ಮೆಚ್ಚಿನ ಡಿಜಿಟಲ್ ಸಾಧನ ಯಾವುದೆಂದು ಶಂಕರಘಟ್ಟದ ಶಿಕ್ಷಕರ ತರಬೇತಿಯಲ್ಲಿ ಕೇಳಿದಾಗ ನಾನು ಕೊಟ್ಟ ಉತ್ತರ ಇದು. ಉಳಿದ ಮೇಷ್ಟ್ರುಗಳೆಲ್ಲ ನಾಲಿಗೆ ಹೊರಳದ ಆ್ಯಪುಗಳ ಹೆಸರನ್ನು ಸಹಸ್ರನಾಮದಂತೆ ಒಪ್ಪಿಸಿ ಕೃತಾರ್ಥರಾಗಿ ಕುಳಿತಿದ್ದರು. ನನ್ನ ಸರದಿ ಬಂದಾಗ ಸಭೆಗೆ ಸಭೆಯೇ ಗೊಳ್ಳೆಂದಿತು. ನೀವೂ ನಗಿ, ಆದರೆ ಪೂರ್ತಿ ಕೇಳಿದ ಮೇಲೆ.

ಸವಳಂಗ ರಸ್ತೆಯ ಮನೆಯಿಂದ ದಿನವೂ ಬಸ್ಸು ಹಿಡಿದು, ಭದ್ರಾವತಿಯ ಕಾಗದದ ಮಿಲ್ಲಿನ ಸುತ್ತ ಬೆಳೆದ ಕಾಗದನಗರದ ಪಕ್ಕದ ಶಾಲೆಯೊಂದರಲ್ಲಿ ಐದನೆಯ ತರಗತಿಗೆ ಪಾಠ ಹೇಳುವವಳು ನಾನು. ಡಿಜಿಟಲ್ ಸಾಧನಗಳ ಮೇಲೆ ನನಗೇನೂ ಹಗೆಯಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ ಹೃದಯ ಬಡಿದುಕೊಳ್ಳುವ ವಿಡಿಯೋ ತೆರೆಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಬರೀ ಚಕ್ರ ತಿರುಗುತ್ತದೆ, ಮಕ್ಕಳು ಅದನ್ನೂ ಅಷ್ಟೇ ಶ್ರದ್ಧೆಯಿಂದ ನೋಡುತ್ತಾರೆ. ವಾಟ್ಸಾಪ್ ಗುಂಪಿಗೆ ಹೋಂವರ್ಕ್ ಹಾಕಿದರೆ ಅಮ್ಮಂದಿರು ಮುದ್ದಾದ ಅಕ್ಷರದಲ್ಲಿ ಮಾಡಿ ಕಳಿಸುತ್ತಾರೆ. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಬಂದದ್ದು, ಬೆರಳು ಸೋಕಿದರೆ ಸಾಕು ಕೇಳಿದ್ದನ್ನು ತೋರಿಸುವ ಸ್ಮಾರ್ಟ್ ಬೋರ್ಡು.

ಆದರೆ ಸೆಲ್ವಿಯ ಬಾಯಿ ತೆರೆಸುವ ಆ್ಯಪು ಮಾತ್ರ ಇವುಗಳಲ್ಲಿ ಯಾವುದೂ ಇರಲಿಲ್ಲ. ಮನೆಯಲ್ಲಿ ತಮಿಳಾಡುವ ಆ ಹುಡುಗಿ ಶಾಲೆಗೆ ಸೇರಿದ ಹೊಸತರಲ್ಲಿ ಏನೋ ತಪ್ಪು ಹೇಳಿದ್ದಕ್ಕೆ ಮಕ್ಕಳೆಲ್ಲ ನಕ್ಕಿದ್ದರಂತೆ. ಅಂದು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ. ಅವಳಮ್ಮ ಒಂದು ದಿನ ನನ್ನೆದುರು ಬಂದು ನಿಂತಳು. "ಮನೇಲಿ ಬಾಯೇ ಮುಚ್ಚಲ್ಲ ಮಿಸ್, ಇಲ್ಲಿ ಬಂದ್ರೆ ಮೂಗಿ. ದೀಪಾವಳಿವರೆಗೂ ನೋಡ್ತೀನಿ. ಆಮೇಲೆ ಅವ್ಳ ಅಜ್ಜಿ ಊರಿಗೇ ಕಳಿಸಿಬಿಡ್ತೀನಿ, ಅಲ್ಲಿ ತಮಿಳ್ ಸ್ಕೂಲಿದೆ." ಅಮ್ಮನನ್ನು ಬಿಟ್ಟು ಹೋಗಬೇಕೆಂದು ಕೇಳಿಯೂ ಹುಡುಗಿ ತುಟಿ ಬಿಚ್ಚಲಿಲ್ಲ, ಅವಳ ಸೆರಗನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ದಸರಾ ರಜೆ ಬಂತು. ರಜೆಗೆ ಮುಂಚಿನ ದಿನ ಶಾಲೆಯಲ್ಲೇ ಆಯುಧಪೂಜೆ. ನಮ್ಮ ಹೆಡ್‌ಮಾಸ್ಟ್ರು ಗಂಟೆಗೆ, ಬೀರುವಿಗೆ, ತಮ್ಮ ಸ್ಕೂಟರಿಗೆ ಕುಂಕುಮವಿಟ್ಟು ಸ್ಮಾರ್ಟ್ ಬೋರ್ಡಿನತ್ತ ಬಂದರು. "ಬೇಡ ಸಾರ್" ಎಂದೆ. "ಅಯ್ಯೋ ಮೇಡಂ, ಸ್ಕೂಟರಿಗೇ ಇಟ್ಟಿದ್ದೀವಿ, ಇದೇನು ಪಾಪ ಮಾಡಿದೆ?" ಎಂದು ಕುಂಕುಮಕ್ಕೆ ಗಂಧ ಕಲಸಿ, ಚೌಕಟ್ಟಿನ ಮೂಲೆಮೂಲೆಗೂ ಧಾರಾಳವಾಗಿ ಮೆತ್ತಿದರು.

ರಜೆ ಕಳೆದು ಬಂದು ನೋಡಿದರೆ ಬೋರ್ಡಿಗೆ ಮೈಮೇಲೆ ಬಂದಿತ್ತು. ಬೆರಳು ಎಲ್ಲಿದೆಯೆಂದು ಹುಡುಕುವ, ಚೌಕಟ್ಟಿನೊಳಗಿನ ಕಾಣದ ಬೆಳಕಿಗೆ ಕುಂಕುಮ ಅಡ್ಡವಾಗಿ, ಯಾರೋ ಸದಾ ಅಲ್ಲಿ ಬೆರಳೊತ್ತಿದ್ದಾರೆಂದು ಅದು ನಂಬಿಬಿಟ್ಟಿತ್ತು. ಕ್ವಿಜ್ ತೆರೆದರೆ, ಪ್ರಶ್ನೆ ಏನೇ ಇರಲಿ, ತಾನೇ ಮುಂದಾಗಿ ಕೊನೆಯ ಉತ್ತರವನ್ನು ಒತ್ತುತ್ತಿತ್ತು. ಭೂಮಿಯ ಉಪಗ್ರಹ ಯಾವುದು? ಧೂಮಕೇತು! ಮೀನು ಉಸಿರಾಡುವುದು ಹೇಗೆ? ಬಾಲದಿಂದ! ಮಕ್ಕಳು ಬಿದ್ದು ಬಿದ್ದು ನಕ್ಕರು. ಬೋರ್ಡಿಗೇನು ನಾಚಿಕೆಯೇ, ಅಳುವೇ? ಅಷ್ಟು ನಗೆಪಾಟಲಾದರೂ ಮರುದಿನ ಬೆಳಗ್ಗೆ ಮತ್ತೆ ಬೆಳಗುತ್ತ ನಿಂತು, ಮತ್ತೆ ತಪ್ಪು ಹೇಳುತ್ತಿತ್ತು.

ಕಾಗದವನ್ನು ಯಾವುದರಿಂದ ತಯಾರಿಸುತ್ತಾರೆ ಎಂಬ ಪ್ರಶ್ನೆ ಬಂದ ದಿನ ಅದು ಎಂದಿನಂತೆ ಗಂಭೀರವಾಗಿ "ಉಪ್ಪು" ಎಂದಿತು. ಕಾಗದನಗರದಲ್ಲಿ ನಿಂತು ಆಡುವ ಮಾತೇ ಇದು! ಹಿಂದಿನ ಬೆಂಚಿನಿಂದ ಸಿಟ್ಟಿನ ದನಿಯೊಂದು ಸಿಡಿಯಿತು. "ಇಲ್ಲ! ಬಿದಿರು! ನಮ್ ತಾತ ಮಿಲ್ಲಲ್ಲಿದ್ರು, ಅದಕ್ಕೇನ್ ಗೊತ್ತು ಮಣ್ಣು!"

ತಿರುಗಿದೆ. ಸೆಲ್ವಿ ಎದ್ದು ನಿಂತಿದ್ದಳು. ಯಾರೂ ನಗಲಿಲ್ಲ, ನಗುವುದಕ್ಕೆ ಬೋರ್ಡೊಂದು ಇತ್ತಲ್ಲ. ಆಮೇಲೆ ದಿನವೂ ಅವಳಿಗೂ ಬೋರ್ಡಿಗೂ ಜಗಳ. ನಾನು ಭರಣಿ ಹಿಡಿದ ಅರ್ಚಕಿಯಂತೆ ಚೌಕಟ್ಟಿನ ಆ ಕುಂಕುಮ ಉದುರದಂತೆ ಕಾಯ್ದೆ.

ದೀಪಾವಳಿ ಹತ್ತಿರವಾದಾಗ ಹೆಡ್‌ಮಾಸ್ಟ್ರು ಮೆಕ್ಯಾನಿಕ್‌ನನ್ನು ಕರೆಸಿಯೇಬಿಟ್ಟರು. ಅವನು ಬಟ್ಟೆಯಿಂದ ಒಮ್ಮೆ ಒರೆಸಿದ್ದಷ್ಟೇ, ಬೋರ್ಡಿನ ಮೈಮೇಲೆ ಬಂದದ್ದು ಇಳಿದುಹೋಯಿತು. ನನಗೆ ಮಾತ್ರ ಒಂದೇ ಚಿಂತೆ. ಜಗಳಕ್ಕೆ ಎದುರಾಳಿಯೇ ಇಲ್ಲದ ಮೇಲೆ ಹುಡುಗಿ ಮತ್ತೆ ಬಾಯಿ ಮುಚ್ಚಿದರೆ? ಮರುದಿನ ಕ್ವಿಜ್ ತೆರೆದೆ. ಬೋರ್ಡು ತೆಪ್ಪಗಿತ್ತು, ತರಗತಿಯೂ ತೆಪ್ಪಗಿತ್ತು. ಆ ಗಲಿಬಿಲಿಯಲ್ಲಿ ನಾನೇ ಬೆರಳಿಟ್ಟು ಒಂದು ಉತ್ತರ ಒತ್ತಿದೆ.

"ತಪ್ಪು ಮಿಸ್," ಎಂದಳು ಸೆಲ್ವಿ. "ನೀವೂ ಆ ಬೋರ್ಡ್ ಥರಾನೇ ಆಗ್ಬಿಟ್ರಿ."

ಬೇಕೆಂದೇ ಒತ್ತಿದೆ ಎಂದು ಹೆಡ್‌ಮಾಸ್ಟ್ರಿಗೆ ಹೇಳಿದ್ದೇನೆ. ನೀವೂ ಹಾಗೆಯೇ ತಿಳಿದುಕೊಳ್ಳಿ. ತರಗತಿಯೆಂದರೆ ಸರಿ ಹೇಳುವವರ ಜಾಗವೆಂದು ಇಷ್ಟು ವರ್ಷ ನಂಬಿದ್ದೆ. ನಾಚಿಕೆಯಿಲ್ಲದೆ ತಪ್ಪು ಹೇಳುವವರು ಒಬ್ಬರಾದರೂ ಇಲ್ಲದಿದ್ದರೆ ಉಳಿದವರು ಬಾಯಿ ತೆರೆಯುವುದಾದರೂ ಹೇಗೆ, ಮಾರಾಯ್ರೆ?

ಈ ಸಲದ ಆಯುಧಪೂಜೆಗೆ ಹೆಡ್‌ಮಾಸ್ಟ್ರು ಕುಂಕುಮದ ಬಟ್ಟಲು ಹಿಡಿದು ಬೋರ್ಡಿನೆದುರು ಅನುಮಾನಿಸುತ್ತ ನಿಂತರು. "ಎಲ್ಲಿಗಿಡ್ಲಿ ಮೇಡಂ?" ಆರನೆಯ ತರಗತಿಗೆ ಹೋಗಿದ್ದರೂ ನಮ್ಮ ಬಾಗಿಲಲ್ಲೇ ಬಿದ್ದಿರುವ ಸೆಲ್ವಿ ಅಲ್ಲಿಂದಲೇ ಕೂಗಿದಳು: "ಬೋರ್ಡ್‌ಗೆ ಬೇಡ ಸಾರ್, ಮಿಸ್‌ಗೇ ಕೊಡಿ! ಈಗ ತಪ್ಪು ಮಾಡೋದು ಅವ್ರೇ!"

ಮಕ್ಕಳೆಲ್ಲ ಗೊಳ್ಳೆಂದರು. ನಾನು ಬಟ್ಟಲಿಗೆ ಬೆರಳದ್ದಿ ಹಣೆಗೆ ಧಾರಾಳವಾಗಿ ಇಟ್ಟುಕೊಂಡೆ.